ಕಾಫಿಗೆ ಯಾವ ಮರದ ನೆರಳು?

ಬೆಂಗಳೂರಿನ ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಕಾಫಿಪುಡಿ ಅಂಗಡಿಗೆ ಹೋದರೆ ನಮ್ಮನ್ನು ಕೇಳುವುದು ಎರಡೇ: ಪೀಬೆರಿಯೋ ಪ್ಲಾಂಟೇಶನ್ನೋ, ಚಿಕೋರಿ ಎಷ್ಟು? ಈ ಸಲ ನೀವೂ ಒಂದು ಪ್ರಶ್ನೆ ಕೇಳಿ: ಬೀಜ ಯಾವ ತೋಟದ್ದು, ಅಲ್ಲಿ ಯಾವ ಮರಗಳಿವೆ?

ಮರದ ವಿಚಾರ ಯಾಕೆ ಅನ್ನುತ್ತೀರಾ? ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಯುವುದೇ ನೆರಳಿನಲ್ಲಿ. ಹಾಗಾಗಿ ಪೊಟ್ಟಣದ ಮೇಲೆ ‘ಶೇಡ್ ಗ್ರೋನ್’, ಅಂದರೆ ನೆರಳಲ್ಲಿ ಬೆಳೆದದ್ದು, ಎಂದಿದ್ದರೆ ಅದರಿಂದ ಹೆಚ್ಚೇನೂ ತಿಳಿಯದು. ಅತ್ತಿ, ಹಲಸು, ನೇರಳೆ, ಬೀಟೆ ಬೆರೆತ ತೋಟದಲ್ಲಿ ಹಣ್ಣು, ಪೊಟರೆ, ಹುಳಹುಪ್ಪಟೆ ಎಲ್ಲ ಇರುತ್ತವೆ. ಮಂಗಟ್ಟೆಯಂಥ ಹಕ್ಕಿಗೂ ಅಲ್ಲಿ ಊಟವುಂಟು. ಬರೀ ಸಿಲ್ವರ್ ಓಕ್ ಇದ್ದರೆ ಅಷ್ಟು ಸಿಗದು. ಇದು ಆಸ್ಟ್ರೇಲಿಯಾ ಮೂಲದ ಮರ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಾಡುಮರದಂತೆ ಕಡಿಯಲು ಅರಣ್ಯ ಇಲಾಖೆಯ ಅನುಮತಿಗೆ ಅಲೆಯಬೇಕಿಲ್ಲ. ಬೆಳೆಗಾರರನ್ನು ದೂರಿ ಫಲವಿಲ್ಲ. ಕಾಡುಮರ ಉಳಿಸಿಕೊಂಡವರಿಗೂ ಕಡಿದವರಿಗೂ ಬೀಜಕ್ಕೆ ಒಂದೇ ಬೆಲೆಯಾದರೆ ಅವರಾದರೂ ಏನು ಮಾಡಿಯಾರು?

ಕಾಡುಮರದ ನೆರಳಿನ ಕಾಫಿಯನ್ನು ಗುರುತು ಹಿಡಿಯುವುದು ಹೇಗೆ? ಹಸಿರು ಕಪ್ಪೆಯ ಮುದ್ರೆ ರೇನ್‌ಫಾರೆಸ್ಟ್ ಅಲಯನ್ಸ್‌ನದು. ಅದು ಮರದ ಜೊತೆ ಕಾರ್ಮಿಕರು, ಕೀಟನಾಶಕ ಎಲ್ಲವನ್ನೂ ನೋಡುತ್ತದೆ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ‘ಬರ್ಡ್ ಫ್ರೆಂಡ್ಲಿ’ ಮುದ್ರೆ ಹೆಚ್ಚು ಕಟ್ಟುನಿಟ್ಟು: ಸಾವಯವ ಕೃಷಿ ಆಗಿರಲೇಬೇಕು, ಕನಿಷ್ಠ 40% ನೆರಳಿರಬೇಕು. ‘ಚಿಕ್ಕಮಗಳೂರು ಅರೇಬಿಕಾ’, ‘ಕೊಡಗು ಅರೇಬಿಕಾ’ಗಳಿಗೆ 2019ರಲ್ಲಿ ಸಿಕ್ಕ ಜಿಐ ಟ್ಯಾಗ್ ಊರಿನ ಗುರುತು ಮಾತ್ರ, ಮರಗಳ ಲೆಕ್ಕ ಅದರಲ್ಲಿಲ್ಲ. ಸಣ್ಣ ಬೆಳೆಗಾರರಿಗೆ ಪ್ರಮಾಣಪತ್ರದ ಖರ್ಚು ಭಾರ. ಆದ್ದರಿಂದ ಮುದ್ರೆ ಇಲ್ಲದ ಕಾಫಿ ಕೆಟ್ಟದ್ದೆಂದು ತಳ್ಳಿಹಾಕಬೇಡಿ. ತೋಟದ ಹೆಸರು, ಮರಗಳ ಹೆಸರು ಬರೆದ ಪೊಟ್ಟಣವನ್ನು ನಾನು ಹೆಚ್ಚು ನಂಬುತ್ತೇನೆ.

ಬೆಲೆ? ಅಂಗಡಿ ಪುಡಿಗಿಂತ ಜಾಸ್ತಿಯೇ. ಲೋಟಕ್ಕೆ 10 ಗ್ರಾಂ ಪುಡಿ ಅಂದುಕೊಂಡರೆ 250 ಗ್ರಾಂಗೆ 25 ಲೋಟ. ಪೊಟ್ಟಣಕ್ಕೆ 100 ರೂಪಾಯಿ ಹೆಚ್ಚಾದರೆ ಲೋಟಕ್ಕೆ 4 ರೂಪಾಯಿ. ಚಿಕೋರಿ ಬೆರೆಸಿ ಕುಡಿಯುವವರಿಗೆ ಇನ್ನೂ ಕಡಿಮೆ ಬೀಳುತ್ತದೆ.

ಎಲ್ಲಿ ಸಿಗುತ್ತದೆ? ಬೆಂಗಳೂರಿನದೇ ಆದ ಬ್ಲ್ಯಾಕ್ ಬಾಜಾ ಕಾಫಿ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬೆಳೆಗಾರರ ಬೀಜ ಮಾರುತ್ತದೆ, ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು. ತರಿಸುವಾಗ ‘ಫಿಲ್ಟರ್ ಕಾಫಿ’ಗೆ ತಕ್ಕ ಪುಡಿ ಬೇಕೆಂದು ಹೇಳಿ, ತರಿಯಾದರೆ ಡಿಕಾಕ್ಷನ್ ತೆಳುವಾಗುತ್ತದೆ. ಕಣ್ಣೆದುರೇ ಹುರಿದು ಬೀಸಿಸಿಕೊಳ್ಳುವುದೇ ಇಷ್ಟವಾದರೆ ನಿಮ್ಮ ಅಂಗಡಿಯನ್ನು ಬಿಡಬೇಡಿ. ತೋಟದ ಹೆಸರು ಅವರಿಗೆ ಗೊತ್ತಿಲ್ಲವೆಂದರೆ, ಬೀಜ ಕೊಟ್ಟವರನ್ನು ವಿಚಾರಿಸಿಟ್ಟಿರಿ ಎಂದು ಹೇಳಿ, ಮುಂದಿನ ಸಲ ಮರೆಯದೆ ಮತ್ತೆ ಕೇಳಿ.