ಹಾಲು ಮೊದಲೋ, ಚಹಾ ಮೊದಲೋ?

ನಿಮಗಿದು ಗೊತ್ತೆ? ಕಪ್ಪಿಗೆ ಮೊದಲು ಬಿದ್ದದ್ದು ಹಾಲೋ ಚಹಾವೋ, ಕುಡಿದೇ ಹೇಳಬಲ್ಲೆ ಎಂಬ ಇಂಗ್ಲೆಂಡಿನ ಮಹಿಳೆಯೊಬ್ಬರ ಮಾತಿಗೆ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1935ರ ಪುಸ್ತಕದಲ್ಲಿ ಪರೀಕ್ಷೆ ಹೂಡಿದರು. 8 ಕಪ್, 4ರಲ್ಲಿ ಹಾಲು ಮೊದಲು, 4ರಲ್ಲಿ ಚಹಾ. ಬರೀ ಊಹೆಯಿಂದ ಎಲ್ಲವೂ ಸರಿಯಾಗುವ ಸಾಧ್ಯತೆ 70ರಲ್ಲಿ 1. ಹಾಗೆ ಗೆದ್ದ ಊಹೆಗಾರರನ್ನು ಬಲ್ಲವರೆಂದು ನಂಬಿದರೆ ಮೊದಲ ಬಗೆಯ ದೋಷ.

ನಿಜಕ್ಕೂ ರುಚಿ ಬಲ್ಲವರೇ ಎಡವಿ ಒಂದು ಜೋಡಿ ಅದಲುಬದಲಾದರೆ? ಊಹೆಯಲ್ಲೂ ಕನಿಷ್ಠ ಅಷ್ಟು ಸರಿಹೋಗುವ ಸಾಧ್ಯತೆ 70ರಲ್ಲಿ 17. ಈ ಸಾಧ್ಯತೆ ಶೇ 5ನ್ನು ಮೀರಬಾರದೆಂಬುದು ರೂಢಿ. ಹಾಗಾಗಿ ಪಾಪ, ಬಲ್ಲವರೂ ಫೇಲು! ಇದು ಎರಡನೆಯ ಬಗೆಯ ದೋಷ. ಇದನ್ನು ತಪ್ಪಿಸುವ ಪರೀಕ್ಷೆಯ ತಾಕತ್ತೇ ‘ಪವರ್’; ಕಪ್ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ನಾಲ್ಕೇ ಕಪ್ ಇಟ್ಟರಂತೂ ಬರೀ ಊಹೆಯಿಂದ ಎಲ್ಲ ಸರಿಯಾಗುವ ಸಾಧ್ಯತೆಯೇ 6ರಲ್ಲಿ 1. ಎಲ್ಲ ಸರಿ ಹೇಳಿದರೂ ಆ ಶೇ 5ರ ಮಿತಿಯೊಳಗೆ ಬರುವ ದಾರಿಯೇ ಇಲ್ಲ.