ಹುಸ್ತೆರೇಸಿಸ್: ಅಳತೆಗೆ ಸಾಲದೆ ಬಂದ ಬದುಕು

ವೆಸ್ಲಿಯನ್ ಮಿಷನ್ 1837ರಲ್ಲಿ ಗುಬ್ಬಿಯಲ್ಲಿ ನೆಲೆಯೂರಿ, ಥಾಮಸ್ ಹಾಡ್ಸನ್ ಮತ್ತು ಅವರ ತರುವಾಯ ಬಂದ ವಿಲಿಯಂ ಆರ್ಥರ್ ಕನ್ನಡದಲ್ಲಿಯೇ ಬೋಧಿಸತೊಡಗಿದ ಹೊತ್ತಿಗೆ, ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಅದರ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಮೂಲ ಭಾಷೆ ಗ್ರೀಕ್. ಅಲ್ಲಿ ಇಲ್ಲದಿರುವಿಕೆಯನ್ನು ಹೇಳುವ ಪದಗಳು ಹಲವಿದ್ದು, ಕನ್ನಡದಲ್ಲಿ ಅವೆಲ್ಲ ಬಹುಮಟ್ಟಿಗೆ ‘ಬಡತನ’ ‘ಕೊರತೆ’ಗಳೊಳಗೆ ಅಡಗಿಬಿಡುತ್ತವೆ.

‘ಪ್ತೋಖೋಸ್’ ಎಂದರೆ ಕೈಯೊಡ್ಡದೆ ಬದುಕಲಾರದ ನಿರ್ಗತಿಕ. ‘ಪೆನೇಸ್’ ಎಂದರೆ ದುಡಿದು ಅಂದಂದಿಗೆ ಉಣ್ಣುವವನು. ‘ಹುಸ್ತೆರೇಸಿಸ್’ ಇವೆರಡರಂತೆ ವ್ಯಕ್ತಿಯ ಹೆಸರಲ್ಲ, ಸ್ಥಿತಿಯ ಹೆಸರು. ಹಿಂದುಳಿದದ್ದು, ತಡವಾದದ್ದು ಎಂಬ ಅರ್ಥದ ‘ಹುಸ್ತೆರೋಸ್’ನಿಂದ ಹುಟ್ಟಿದ ಈ ಪದ, ಬೇಕಾದ ಅಳತೆಗೆ ಇರುವುದು ಸಾಲದೆ ಹಿಂದೆ ಬೀಳುವುದನ್ನು ಸೂಚಿಸುತ್ತದೆ, ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಸಾಲದೆ ಹೋದದ್ದನ್ನು ತನ್ನ ಸುವಾರ್ತೆಯಲ್ಲಿ ಯೋಹಾನನು ಹೇಳುವುದೂ ಇದೇ ಧಾತುವಿನಿಂದಲೇ. ಹೊಸ ಸುಗ್ಗಿಗೆ ಮುನ್ನವೇ ಹಗೇವಿನ ರಾಗಿ ತಳ ಕಂಡ ಕುಣಿಗಲ್ ಕಡೆಯ ಒಕ್ಕಲಿನ ಮನೆಯ ಸ್ಥಿತಿ ಈ ಪದಕ್ಕೆ ಸರಿಹೊಂದುತ್ತದೆ, ಏಕೆಂದರೆ ಹೊಲವಿದ್ದೂ ಮನೆ ತಿಂಗಳುಗಳ ಲೆಕ್ಕದಲ್ಲಿ ಹಿಂದೆ ಬಿದ್ದಿರುತ್ತದೆ. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ (1876–78) ಇಂಥ ಮನೆಗಳೂ ನಿರ್ಗತಿಕರ ಸಾಲಿಗೆ ಇಳಿದವು; 1871ರಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ 42 ಲಕ್ಷದೊಳಗಾಯಿತು.

ಹೊಸ ಒಡಂಬಡಿಕೆಯಲ್ಲಿ ‘ಹುಸ್ತೆರೇಸಿಸ್’ ಎಂಬ ನಾಮಪದ ಬರುವುದು ಎರಡೇ ಕಡೆ. ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ವಿಧವೆಯೊಬ್ಬಳು ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಲೆಪ್ಟಾ ಹಾಕುತ್ತಾಳೆ; ಅಂದಿನ ಒಂದು ದಿನದ ಕೂಲಿಯಾದ ದಿನಾರಿಯಸ್‌ಗೆ ಅಂಥ 128 ನಾಣ್ಯಗಳು ಬೇಕಾಗುತ್ತಿದ್ದವು. ಶ್ರೀಮಂತರು ತುಂಬಿ ಹೊರಚೆಲ್ಲುವುದರಿಂದ ಕೊಟ್ಟರು, ಆಕೆ ಸಾಲದೆ ಬಂದದ್ದರಿಂದಲೇ ಕೊಟ್ಟಳು ಎಂಬ ಎದುರುಬದುರು ಗ್ರೀಕಿನಲ್ಲಿ ಮೊನಚಾಗಿ ಕಾಣುತ್ತದೆ. ಬಡತನವೆಂಬ ಒಂದೇ ಮಾತಿನಲ್ಲಿ ಆ ಮೊನಚು ಮಾಸುತ್ತದೆ, ಅನುವಾದಕರನ್ನು ಇದಕ್ಕಾಗಿ ದೂರುವಂತಿಲ್ಲವಾದರೂ. ಇನ್ನೊಂದು ಕಡೆ, ಸೆರೆಯಲ್ಲಿದ್ದ ಅಪೊಸ್ತಲ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ, ತಾನು ಕೊರತೆಯನ್ನು ತೋಡಿಕೊಳ್ಳುತ್ತಿಲ್ಲವೆನ್ನುತ್ತಾನೆ.

ಈ ಪದದ ಒಡಹುಟ್ಟಾದ ‘ಹುಸ್ತೆರೇಮಾ’ವನ್ನು ಅದೇ ಪೌಲನು ಕೊರಿಂಥದವರಿಗೆ ಬರೆಯುವಾಗ ಬಳಸಿದ್ದಾನೆ: ಜೆರುಸಲೇಮಿನ ಬಡ ವಿಶ್ವಾಸಿಗಳ ಕೊರತೆಯನ್ನು ಕೊರಿಂಥದವರ ಸಮೃದ್ಧಿ ತುಂಬಬೇಕೆಂಬುದು ಅಲ್ಲಿನ ಬೇಡಿಕೆ, ಮತ್ತು ಅದಕ್ಕಾಗಿ ಅವನು ಊರೂರಿನ ಸಭೆಗಳಿಂದ ಹಣ ಕೂಡಿಸಿದ.