ಹಾಡು ಹೇಳದೆ ಬಿಟ್ಟ ಕಥೆ

ಹಾಡು ಸುತ್ತಿ ಸುತ್ತಿ ಪಲ್ಲವಿಗೇ ಬಂದು ನಿಲ್ಲುತ್ತದೆ. ಕಥೆಯಾದರೋ ಮುಂದಕ್ಕೆ ಹೋಗಲೇಬೇಕು. ಪಾಪ್ ಹಾಡಿಗೆ ವಿಡಿಯೋ ಮಾಡುವವರ ಮೂಲ ತೊಡಕು ಇದು. ನಮ್ಮ ಸಿನಿಮಾ ಹಾಡಿಗೆ ಹಿಂದೆ ಮುಂದೆ ಇಡೀ ಚಿತ್ರದ ಆಸರೆ ಇರುತ್ತದೆ. ನಾಯಕಿ ಯಾಕೆ ಅಳುತ್ತಿದ್ದಾಳೆಂದು ಹಾಡು ಶುರುವಾಗುವ ಮೊದಲೇ ನಮಗೆ ಗೊತ್ತು. ಪಾಪ್ ವಿಡಿಯೋಗೆ ಆ ಅನುಕೂಲವಿಲ್ಲ, ಸಿಗುವುದು ನಾಲ್ಕೈದು ನಿಮಿಷ. ಅಷ್ಟರಲ್ಲಿ ಪೂರ್ತಿ ಕಥೆ ಹೇಳಹೊರಟರೆ ಹಾಡನ್ನೇ ಬಿಚ್ಚಬೇಕಾಗುತ್ತದೆ. ಮೈಕೆಲ್ ಜಾಕ್ಸನ್ ಅವರ ‘ಥ್ರಿಲ್ಲರ್’ಗೆ 1983ರಲ್ಲಿ ಜಾನ್ ಲ್ಯಾಂಡಿಸ್ ಮಾಡಿದ್ದು ಅದನ್ನೇ. ಆರು ನಿಮಿಷದ ಹಾಡು ಹದಿನಾಲ್ಕು ನಿಮಿಷದಷ್ಟು ಉದ್ದದ ಪುಟ್ಟ ಸಿನಿಮಾ ಆಯಿತು. ಹುಡುಗಿಯ ಜೊತೆ ರಸ್ತೆಯಲ್ಲಿ ನಡೆಯುತ್ತ ಜಾಕ್ಸನ್ ಚರಣಗಳನ್ನೆಲ್ಲ ಒಂದರ ಬೆನ್ನಿಗೊಂದು ಹಾಡಿ ಮುಗಿಸುತ್ತಾರೆ; ಪಲ್ಲವಿ ಕೇಳಬೇಕಾದರೆ ಗೋರಿಗಳಿಂದ ಎದ್ದ ಹೆಣಗಳ ಕುಣಿತದವರೆಗೆ ಕಾಯಬೇಕು. ಈ ದುಬಾರಿ ದಾರಿ ಎಲ್ಲರಿಗೂ ಒಗ್ಗುವಂಥದ್ದಲ್ಲ.

ಒಳ್ಳೆಯ ವಿಡಿಯೋಗಳು ಹಾಗಾಗಿ ಇನ್ನೊಂದು ಜಾಣತನ ತೋರುತ್ತವೆ: ಹಾಡು ಹೇಳಿದ್ದನ್ನು ತೋರಿಸುವ ಗೋಜಿಗೆ ಹೋಗದೆ, ಅದು ಹೇಳದೆ ಬಿಟ್ಟಿದ್ದನ್ನು ಹಿಡಿಯುತ್ತವೆ. ಅದೇ ವರ್ಷ ಸ್ಟೀವ್ ಬ್ಯಾರನ್ ನಿರ್ದೇಶಿಸಿದ, ಜಾಕ್ಸನ್ ಅವರದೇ ‘ಬಿಲ್ಲಿ ಜೀನ್’ ನೋಡಿ. ಮಗು ನಿನ್ನದೇ ಎನ್ನುವ ಹೆಂಗಸು, ನನ್ನದಲ್ಲ ಎನ್ನುವ ಗಂಡಸು: ಹಾಡಿನಲ್ಲೇ ಕಥೆ ತುಂಬಿಕೊಂಡಿದೆ. ವಿಡಿಯೋದಲ್ಲಿ ಆ ಹೆಂಗಸಿನ ಮುಖವೂ ಇಲ್ಲ, ಮಗುವೂ ಇಲ್ಲ. ಕ್ಯಾಮೆರಾ ಹಿಡಿದವನೊಬ್ಬ ಜಾಕ್ಸನ್ ಬೆನ್ನು ಹತ್ತುತ್ತಾನೆ. ಅವರು ಕಾಲಿಟ್ಟಲ್ಲೆಲ್ಲ ನೆಲದ ಕಲ್ಲು ಬೆಳಗುತ್ತದೆ, ಆದರೆ ತೆಗೆದ ಫೋಟೋದಲ್ಲಿ ಅವರೇ ಇರುವುದಿಲ್ಲ. ಆರೋಪಕ್ಕೆ ಸಾಕ್ಷಿ ಸಿಗುತ್ತಿಲ್ಲ ಎಂಬುದನ್ನು ಇದಕ್ಕಿಂತ ಚುರುಕಾಗಿ ತೋರಿಸುವುದು ಕಷ್ಟ. ಆತ ತಪ್ಪಿತಸ್ಥನೋ ಅಲ್ಲವೋ? ವಿಡಿಯೋ ಬಾಯಿ ಬಿಡುವುದಿಲ್ಲ.

ಸಾಹಿತ್ಯವನ್ನು ಇದ್ದಂತೆಯೇ ತೋರಿಸಿ ಗೆದ್ದ ವಿಡಿಯೋಗಳಿಲ್ಲವೇ ಎಂದು ಕೇಳಬಹುದು. ಮಡೋನಾ ಅವರ ‘ಪಾಪಾ ಡೋಂಟ್ ಪ್ರೀಚ್’ (1986) ಮೇಲ್ನೋಟಕ್ಕೆ ಅಂಥದ್ದೇ: ಬಸಿರಾದ ಹುಡುಗಿ ಅಪ್ಪನಿಗೆ ವಿಷಯ ತಿಳಿಸುತ್ತಾಳೆ. ಆದರೆ ಹಾಡಿನಲ್ಲಿ ಮಾತೆಲ್ಲ ಮಗಳದು. ಅಪ್ಪನ ಪಾಲಿನ ಮೌನಕ್ಕೆ ನಟ ಡ್ಯಾನಿ ಐಯೆಲ್ಲೋ ಅವರ ಮುಖ ಸಿಗುವುದು ವಿಡಿಯೋದಲ್ಲಿ. ಹಾಡು ಇತ್ಯರ್ಥ ಮಾಡದ ಪ್ರಶ್ನೆಗೆ ಕೊನೆಯ ಅಪ್ಪುಗೆಯ ಉತ್ತರ ಸಿಗುವುದೂ ಅಲ್ಲೇ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಒಮ್ಮೆ ವಿಡಿಯೋ ನೋಡಿದರೆ ಕೇಳುಗರ ಕಲ್ಪನೆಗೆ ಬೀಗ ಬಿದ್ದಂತೆ. ಇದರಲ್ಲಿ ಹುರುಳಿದೆ. ಆದರೂ ‘ಹರ್ಟ್’ ಏನಾಯಿತು ನೋಡಿ. ನೈನ್ ಇಂಚ್ ನೇಲ್ಸ್ ಬ್ಯಾಂಡಿನ ಟ್ರೆಂಟ್ ರೆಜ್ನರ್ ಬರೆದ, ತನ್ನನ್ನೇ ನೋಯಿಸಿಕೊಳ್ಳುವ ಯುವಕನ ಹಾಡದು. ಎಪ್ಪತ್ತು ದಾಟಿದ ಜಾನಿ ಕ್ಯಾಶ್ ಅದನ್ನು ಹಾಡಿದರು. ವಿಡಿಯೋ ನಿರ್ದೇಶಿಸಿದ ಮಾರ್ಕ್ ರೊಮಾನೆಕ್, ಮುಪ್ಪಿನ ಕ್ಯಾಶ್ ಅವರನ್ನೂ ಬಾಗಿಲು ಮುಚ್ಚಿದ ಅವರದೇ ಮ್ಯೂಸಿಯಂ ಅನ್ನೂ ಯೌವನದ ಹಳೆಯ ತುಣುಕುಗಳ ಜೊತೆ ಹೆಣೆದರು. ಘಟನೆ ಅಂತ ಏನೂ ನಡೆಯುವುದಿಲ್ಲ, ಆದರೂ ಇಡೀ ಬದುಕಿನ ಕಥೆ ಅಲ್ಲಿದೆ. ಹಳೆಯ ಅರ್ಥಕ್ಕೆ ಬೀಗ ಬಿತ್ತೆಂದೇ ಇಟ್ಟುಕೊಳ್ಳೋಣ, ಹೊಸದೊಂದು ತೆರೆದುಕೊಂಡಿತಲ್ಲ. ವಿಡಿಯೋ ನೋಡಿದ ರೆಜ್ನರ್ ಅವರೇ ಈ ಹಾಡು ಇನ್ನು ತನ್ನದಲ್ಲ ಎಂದು ಒಪ್ಪಿಕೊಂಡರು.